ಇಪ್ಪತ್ತೈದೋ ಇಪ್ಪತ್ತೆಂಟೋ: ಒಂದು ಚಿನ್ನದ ಗುಚ್ಛದ ಲೆಕ್ಕ

ಚಿನ್ನದ ಗುಚ್ಛ ತಯಾರಿಸುವುದು ಮೇಲುನೋಟಕ್ಕೆ ಅಂಥ ಕಷ್ಟದ ಕೆಲಸವಲ್ಲ. ಚಿನ್ನದ ಲವಣದ ಹಳದಿ ದ್ರಾವಣಕ್ಕೆ ಗ್ಲುಟಾಥಯೋನ್ ಬೆರೆಸಿದರೆ ಬಣ್ಣ ಮಾಯವಾಗುತ್ತದೆ. ಅದನ್ನು ಮಂಜುಗಡ್ಡೆಯಲ್ಲಿ ತಣ್ಣಗಿಟ್ಟು ಸೋಡಿಯಂ ಬೋರೋಹೈಡ್ರೈಡ್ ಸೇರಿಸಿದರೆ ಕಡುಕಂದಾಗುತ್ತದೆ. ಗ್ಲುಟಾಥಯೋನಿನಲ್ಲಿರುವ ಗಂಧಕ ಚಿನ್ನವನ್ನು ಹಿಡಿದುಕೊಂಡು, ಪರಮಾಣುಗಳು ಕೂಡುತ್ತಲೇ ಹೋಗಿ ದೊಡ್ಡ ಕಣವಾಗದಂತೆ ತಡೆಯುತ್ತದೆ. ಆದರೆ ಆ ಕಂದು ವಸ್ತುವಿನಲ್ಲಿ ಹತ್ತು ಪರಮಾಣುಗಳ ಗುಚ್ಛವೂ ಇರುತ್ತದೆ, ಮೂವತ್ತೊಂಬತ್ತರದೂ ಇರುತ್ತದೆ. ಕೈಗೆ ಬಂದದ್ದು ಯಾವುದೆಂದು ಗುರುತಿಸುವುದೇ ಈ ವಿದ್ಯೆಯ ತಿರುಳು. ತಯಾರಿಕೆಗೆ ಸಿಗುವ ಮನ್ನಣೆ ಆ ಕೆಲಸಕ್ಕೆ ಸಿಕ್ಕಿಲ್ಲ.

ಫ್ಯಾರಡೆ 1857ರಲ್ಲೇ ಚಿನ್ನದ ಸೂಕ್ಷ್ಮ ಕಣಗಳ ಕೆಂಪು ದ್ರಾವಣವನ್ನು ವಿವರಿಸಿದ್ದರೂ, ಪರಮಾಣುಗಳನ್ನು ಎಣಿಸುವ ಸಾಹಸ ಶುರುವಾದದ್ದು ಬಹಳ ತಡವಾಗಿ. 1998ರಲ್ಲಿ ಅಮೆರಿಕದ ರಾಬರ್ಟ್ ವೆಟನ್ ತಂಡ ಈ ಮಿಶ್ರಣವನ್ನು ಜೆಲ್ಲಿನ ಮೇಲೆ ವಿದ್ಯುತ್ತಿನಿಂದ ಓಡಿಸಿ ಪಟ್ಟೆಪಟ್ಟೆಯಾಗಿ ಬೇರ್ಪಡಿಸಿತು. ಮುಖ್ಯ ಪಟ್ಟೆಯ ಅಣುತೂಕ ಸುಮಾರು 10,400. ಅದನ್ನು 28 ಚಿನ್ನ, 16 ಗ್ಲುಟಾಥಯೋನ್ ಎಂದು ಲೆಕ್ಕ ಹಾಕಲಾಯಿತು. 2005ರಲ್ಲಿ ಜಪಾನಿನ ನೆಗಿಶಿ, ತ್ಸುಕುದಾ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾಗಿ ತೂಗಿದಾಗ ಸಿಕ್ಕ ಉತ್ತರ 25 ಚಿನ್ನ, 18 ಗ್ಲುಟಾಥಯೋನ್. ಈ ಗೊಂದಲದ ಮೂಲ ಸ್ವಾರಸ್ಯಕರವಾಗಿದೆ. ಮೂರು ಚಿನ್ನದ ಪರಮಾಣುಗಳ ತೂಕ 591. ಚಿನ್ನಕ್ಕೆ ಅಂಟಿದ ಎರಡು ಗ್ಲುಟಾಥಯೋನುಗಳದು 613. ಅವನ್ನು ತೆಗೆದು ಇವನ್ನಿಟ್ಟರೆ ಹತ್ತು ಸಾವಿರಕ್ಕೂ ಮೀರಿದ ಒಟ್ಟು ತೂಕದಲ್ಲಿ ಆಗುವ ವ್ಯತ್ಯಾಸ 22 ಮಾತ್ರ.

ಮೂರು ಪರಮಾಣು ಹೆಚ್ಚುಕಡಿಮೆಯಾದರೆ ಏನಂತೆ ಎಂದು ಕೇಳಬಹುದು. ಚಿನ್ನದ ಗಟ್ಟಿಗೆ ಏನೂ ಆಗದು, ಆದರೆ ಗುಚ್ಛಕ್ಕೆ ಅದೇ ಜೀವಾಳ. 25 ಪರಮಾಣುಗಳು ತಲಾ ಒಂದರಂತೆ ಕೊಡುವ ಎಲೆಕ್ಟ್ರಾನುಗಳಲ್ಲಿ 18 ಗಂಧಕದ ಬಂಧಕ್ಕೆ ಹೋದರೆ ಏಳು ಉಳಿಯುತ್ತವೆ. ಗುಚ್ಛದ ಋಣವಿದ್ಯುದಂಶದ್ದೊಂದು ಸೇರಿದರೆ ಎಂಟು, ಅಂದರೆ ತುಂಬಿದ ಕವಚ. ಉಳಿದವು ಕರಗಿ ಹೋದರೂ ಇದೊಂದು ಬಾಳುವುದಕ್ಕೆ ಈ ಎಂಟೂ ಒಂದು ಕಾರಣ. 28 ಮತ್ತು 16ರ ಲೆಕ್ಕದಲ್ಲಿ ಈ ವಿವರಣೆ ಹುಟ್ಟುತ್ತಲೇ ಇರಲಿಲ್ಲ.

ಎಕ್ಸ್-ರೇ ಹಾಯಿಸಿದರೆ ರಚನೆಯೇ ಕಾಣುವಾಗ ಇಷ್ಟು ತೂಗಾಟವೇಕೆ ಎಂಬುದು ಇನ್ನೊಂದು ಆಕ್ಷೇಪ. 2008ರಲ್ಲಿ, ಗ್ಲುಟಾಥಯೋನ್ ಬದಲು ಫಿನೈಲ್‌ಈಥೇನ್‌ಥಯೋಲ್ ತೊಡಿಸಿದ ಗುಚ್ಛದ ಹರಳಿನಲ್ಲಿ ರಚನೆ ಕಂಡದ್ದು ನಿಜ: ನಡುವೆ 13 ಪರಮಾಣುಗಳ ತಿರುಳು, ಅದರ ಸುತ್ತ ಸ್ಟೇಪಲ್ ಪಿನ್ನುಗಳಂತೆ ಆರು ಕೊಂಡಿಗಳು, ಒಂದೊಂದರಲ್ಲಿ ಎರಡು ಚಿನ್ನ, ಮೂರು ಗಂಧಕ. ಆದರೆ ಹರಳಾಗಲು ಒಪ್ಪದ ಗುಚ್ಛಗಳು ಬೇಕಾದಷ್ಟಿವೆ. ಹರಳಾದವೂ ದ್ರಾವಣದಲ್ಲಿ ಹಾಗೇ ಇರುತ್ತವೆಂಬ ಖಾತರಿಯಿಲ್ಲ. 25 ಬೆಳ್ಳಿಯ ಗುಚ್ಛವನ್ನೂ 25 ಚಿನ್ನದ ಗುಚ್ಛವನ್ನೂ ಬೆರೆಸಿದರೆ ಅವು ಒಟ್ಟು ಸ್ವರೂಪ ಕೆಡದಂತೆ ಪರಮಾಣುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ ಎಂದು 2016ರಲ್ಲಿ ಚೆನ್ನೈ ಐಐಟಿಯ ಟಿ. ಪ್ರದೀಪ್ ತಂಡ ತೋರಿಸಿತು. ಅದು ತಿಳಿದದ್ದೂ ತೂಗಿ ನೋಡಿದ್ದರಿಂದಲೇ.

ಇಂದು ಪತ್ರಿಕೆಗಳ ಮುಖಪುಟದಲ್ಲಿ ಕಾಣುವುದು ಹರಳಿನ ಬಣ್ಣದ ಚಿತ್ರ. ಜೆಲ್ಲಿನ ಪಟ್ಟೆಗಳು ಅನುಬಂಧಕ್ಕೆ ಸರಿದಿವೆ. 1998ರ ಆ ಪ್ರಬಂಧದಲ್ಲಿ ತಪ್ಪಾದದ್ದು ಸಂಖ್ಯೆ ಮಾತ್ರ. ಬೇರ್ಪಡಿಸಿದ ಪಟ್ಟೆ ಶುದ್ಧವಾಗಿಯೇ ಇತ್ತು. ಆ ಕೈಕೆಲಸವನ್ನು ಈಗ ನೆನೆಯುವವರು ಕಡಿಮೆ.