ಮಾವಳ್ಳಿಯ ಉಪಾಹಾರ ಮಂದಿರ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಆರ್.ಟಿ. ನಗರವು ಕವಿ ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಬಡಾವಣೆ. ಬೆಳಗಿನ ಹೊತ್ತು ಅಲ್ಲಿಯ ಹೋಟೆಲುಗಳನ್ನು ಹೊಕ್ಕರೆ ರವೆ ಇಡ್ಲಿಗಾಗಿ ಕಾದು ಕುಳಿತವರು ಕಾಣಸಿಗುತ್ತಾರೆ. ಈ ತಿಂಡಿ ಇದೇ ಊರಿನ ದಕ್ಷಿಣ ಭಾಗದ ಒಂದು ಉಪಾಹಾರ ಮಂದಿರದಲ್ಲಿ, ಅದೂ ಅಭಾವದ ದಿನಗಳಲ್ಲಿ ಹುಟ್ಟಿತೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು.

ಆ ಮಂದಿರದ ಕಥೆ ಕರಾವಳಿಯಿಂದ ಆರಂಭವಾಗುತ್ತದೆ. ಉಡುಪಿ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು ಜೀವನೋಪಾಯವನ್ನು ಅರಸಿ ಬೆಂಗಳೂರಿಗೆ ಬಂದರು. ಮೊದಲು ಗಣ್ಯರ ಮನೆಗಳಲ್ಲಿ ಅಡುಗೆಯವರಾಗಿ ದುಡಿದರು. 1924ರಲ್ಲಿ ಲಾಲ್‌ಬಾಗಿನ ಸಮೀಪ ರಸ್ತೆಯ ಬದಿಯಲ್ಲಿ ಒಂದು ಚಿಕ್ಕ ಕಾಫಿ ಕ್ಲಬ್ಬನ್ನು ತೆರೆದರು. ಕಾಫಿ, ಇಡ್ಲಿಗಳಿಂದ ಮೊದಲಾದ ಆ ಅಂಗಡಿಯೇ ಮುಂದೆ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂಬ ಹೆಸರನ್ನು ಪಡೆದು, ‘ಎಂ.ಟಿ.ಆರ್.’ ಎಂದು ಮನೆಮಾತಾಯಿತು.

ಎರಡನೆಯ ಮಹಾಯುದ್ಧದ ಕಾಲ. ಬರ್ಮಾ ದೇಶವು ಜಪಾನೀಯರ ವಶವಾದುದರಿಂದ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿ? ಆದರೆ ಮಯ್ಯರು ಕೈಕಟ್ಟಿ ಕೂರಲಿಲ್ಲ. ಗೋಧಿಯ ರವೆಯನ್ನು ಮೊಸರಿನಲ್ಲಿ ಕಲಸಿ, ಒಗ್ಗರಣೆ ಕೊಟ್ಟು, ಇಡ್ಲಿಯ ತಟ್ಟೆಯಲ್ಲಿ ಹೊಯ್ದು ಬೇಯಿಸಿದರು. ರವೆ ಇಡ್ಲಿ ಹುಟ್ಟಿದುದು ಹೀಗೆಂದು ಪ್ರತೀತಿ. ಅಕ್ಕಿಯ ಕೊರತೆ ನೀಗಿತು. ರವೆ ಇಡ್ಲಿ ಮಾತ್ರ ಉಳಿಯಿತು.

ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಭೋಜನಶಾಲೆಗಳ ಶುಚಿತ್ವವನ್ನೂ ಶಿಸ್ತನ್ನೂ ಕಣ್ಣಾರೆ ಕಂಡುಬಂದರು. ಮರಳಿದ ಮೇಲೆ ಪಾತ್ರೆ ಪಡಗಗಳನ್ನು ರೋಗಾಣುರಹಿತಗೊಳಿಸುವ ಕ್ರಮವನ್ನು ಜಾರಿಗೆ ತಂದರು. ಆಹಾರದ ಹಿತಮಿತಗಳನ್ನು ತಿಳಿಸುವ ಕಿರುಹೊತ್ತಗೆಗಳನ್ನು ಗಿರಾಕಿಗಳಿಗೆ ಹಂಚಿದರು. ಗಿರಾಕಿಗಳು ಅಡುಗೆಮನೆಯನ್ನು ಹಾದು ಒಳಗೆ ಬರುವ ಪದ್ಧತಿಯೂ ಅಲ್ಲಿತ್ತು. ತಾನು ತಿನ್ನುವ ಅನ್ನ ಎಂಥ ಒಲೆಯ ಮೇಲೆ ಬೆಂದಿತೆಂಬುದನ್ನು ಉಣ್ಣುವವನೇ ನೋಡಲಿ ಎಂಬ ಧೈರ್ಯ ಎಷ್ಟು ಜನಕ್ಕುಂಟು?

ಈ ಧೈರ್ಯಕ್ಕೆ ಕಠಿಣ ಪರೀಕ್ಷೆಯೊಂದು ಕಾದಿತ್ತು. 1975ರಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಹೋಟೆಲುಗಳ ತಿಂಡಿಗಳನ್ನು ತೀರ ಕಡಿಮೆ ಬೆಲೆಗೆ ಮಾರಬೇಕೆಂಬ ಕಟ್ಟಳೆ ಬಂದಿತು. ತುಪ್ಪವನ್ನು ತಗ್ಗಿಸಿ, ಕಾಫಿಯನ್ನು ತೆಳುವಾಗಿಸಿ ಲಾಭವನ್ನು ಉಳಿಸಿಕೊಳ್ಳುವ ದಾರಿಯೇನೋ ಇತ್ತು. ಮಯ್ಯ ಮನೆತನದವರು ಅದನ್ನು ಹಿಡಿಯಲಿಲ್ಲ. ಗುಣವನ್ನು ಕೆಡಿಸದೆ, ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗೆ ತೂಗುಹಾಕುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಕಡೆಗೆ ಬಾಗಿಲನ್ನೇ ಮುಚ್ಚಬೇಕಾಯಿತು. ಆಗ ಕೈಹಿಡಿದುದು ಸಾಂಬಾರ ಪುಡಿ ಹಾಗೂ ಸಿದ್ಧ ಹಿಟ್ಟುಗಳ ಪೊಟ್ಟಣಗಳ ಉದ್ಯಮ. ಹೋಟೆಲಿನ ರುಚಿ ಹೀಗೆ ಮನೆಮನೆಯ ಅಡುಗೆಮನೆಯನ್ನು ಸೇರಿತು. ಹಲವು ವರ್ಷಗಳ ಬಳಿಕ ಮಂದಿರದ ಬಾಗಿಲು ಮತ್ತೆ ತೆರೆಯಿತು.

2007ರಲ್ಲಿ ಪೊಟ್ಟಣಗಳ ಉದ್ಯಮವು ನಾರ್ವೆ ದೇಶದ ಆರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಉಪಾಹಾರ ಮಂದಿರ ಮಾತ್ರ ಮನೆತನದವರ ಕೈಯಲ್ಲಿಯೇ ಉಳಿದು, 2024ರಲ್ಲಿ ನೂರು ವರ್ಷಗಳನ್ನು ಪೂರೈಸಿತು.

ಹಂಚಿನ ಮೇಲಿನ ದೋಸೆ ಗಳಿಗೆಯಲ್ಲಿ ಮುಗಿದುಹೋಗುವ ವಸ್ತು. ಅದನ್ನು ಮಾಡುವವನ ಹೆಸರು ನೂರು ವರ್ಷ ನಿಲ್ಲಬೇಕಾದರೆ, ಪ್ರತಿಯೊಂದು ದೋಸೆಯನ್ನೂ ಅದೇ ಮೊದಲನೆಯದೆಂಬ ಶ್ರದ್ಧೆಯಿಂದ ಹೊಯ್ಯಬೇಕು. ಅಕ್ಕಿ ಸಿಗದ ದಿನವೂ, ಬೆಲೆ ಗಿಟ್ಟದ ದಿನವೂ ಆ ಶ್ರದ್ಧೆಯನ್ನು ಬಿಡದವರ ಮನೆತನವಿದು.