ಅಲೆ ಓದಬಲ್ಲವರಿಗೆ ಕೆಲಸವಿದೆ

ವಿಶ್ವ ಆರ್ಥಿಕ ವೇದಿಕೆ 2025ರ ಜನವರಿಯಲ್ಲಿ ಹೊರತಂದ ಉದ್ಯೋಗ ವರದಿಯಲ್ಲಿ ಎರಡು ಪಟ್ಟಿಗಳಿವೆ. 2030ರೊಳಗೆ ಜಗತ್ತಿನಲ್ಲಿ 17 ಕೋಟಿ ಹೊಸ ಕೆಲಸ ಹುಟ್ಟುತ್ತವೆ, 9.2 ಕೋಟಿ ಕೆಲಸ ಹೋಗುತ್ತವೆ ಎನ್ನುವ ವರದಿ ಅದು. ಅತಿ ವೇಗವಾಗಿ ಬೆಳೆಯುವವರ ಪಟ್ಟಿಯಲ್ಲಿ ಬಿಗ್ ಡೇಟಾ, ಎಐ ಪರಿಣತರು ಮುಂದಿದ್ದಾರೆ. ತಲೆ ಎಣಿಸಿದರೆ ಮಾತ್ರ ಮೊದಲ ಸ್ಥಾನ ಕೃಷಿ ಕಾರ್ಮಿಕರದು. ಡೆಲಿವರಿ ಚಾಲಕರು, ಸಾಫ್ಟ್‌ವೇರ್‌ನವರು, ಕಟ್ಟಡ ಕೆಲಸದವರು, ಅಂಗಡಿಯ ಮಾರಾಟಗಾರರು, ದಾದಿಯರು ಅವರ ಜೊತೆಗಿದ್ದಾರೆ. ಕೋಚಿಂಗ್ ಸೆಂಟರ್‌ಗಳ ಬ್ಯಾನರಿನಲ್ಲಿ ಕಾಣುವುದು ಮೊದಲ ಪಟ್ಟಿ ಮಾತ್ರ.

ಭಟ್ಕಳ ತಾಲ್ಲೂಕಿನ ಮಾವಳ್ಳಿಯಲ್ಲಿ ನಿಂತು ನೋಡಿದರೆ ಎರಡನೆಯದೇ ಹೆಚ್ಚು ನಿಜ ಅನ್ನಿಸುತ್ತದೆ. ಮಾವಳ್ಳಿ ಅಂದರೆ ಹೊರಗಿನವರಿಗೆ ತಿಳಿಯದು, ಮುರುಡೇಶ್ವರ ಅನ್ನಬೇಕು. ಉದ್ಯಮಿ ಆರ್. ಎನ್. ಶೆಟ್ಟಿಯವರು ಹುಟ್ಟೂರಿನಲ್ಲಿ ನಿಲ್ಲಿಸಿದ 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು, ಅಗಲವಾದ ಹೆದ್ದಾರಿ ಎಲ್ಲ ಸೇರಿ ಮೀನುಗಾರರ ಊರನ್ನು ಲಾಡ್ಜು, ಹೋಟೆಲು, ಟೆಂಪೋಗಳ ಊರಾಗಿಸಿವೆ. ಬೆಂಗಳೂರಿನ ರೈಲೊಂದು ಈಗ ಇಲ್ಲಿಯ ತನಕವೇ ಬಂದು ನಿಲ್ಲುತ್ತದೆ.

ಇಲ್ಲಿ ಬೆಳೆದಿರುವ ಹೊಸ ಕಸುಬು ಡೈವಿಂಗ್. ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋದರೆ ಹವಳ, ಬಣ್ಣಬಣ್ಣದ ಮೀನು. ಈಜು ಬಾರದವರನ್ನೂ ಕೈಹಿಡಿದು ನೀರಿನಡಿಗೆ ಕರೆದೊಯ್ಯುವವನಿಗೆ ಮೊದಲು ಕೈಭಾಷೆ ಕಲಿಸುವ ಕೆಲಸ. ನೀರೊಳಗೆ ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಅಂತಲ್ಲ, ‘ಮೇಲಕ್ಕೆ ಹೋಗೋಣ’ ಅಂತ. ಖುಷಿಯಲ್ಲಿ ಹೆಬ್ಬೆರಳು ತೋರಿಸಿದವರನ್ನು ಮೇಲಕ್ಕೇ ಕರೆತರಬೇಕಾಗುತ್ತದೆ, ಕೊಟ್ಟ ದುಡ್ಡಿನ ಮೀನು ಕೆಳಗೇ ಉಳಿಯುತ್ತದೆ! ಸಮುದ್ರ ಬಲ್ಲ ಹುಡುಗರಿಗೆ ಈ ಕೆಲಸ ಒಗ್ಗುತ್ತದೆ, ಆದರೆ ಡೈವ್‌ಮಾಸ್ಟರ್ ಆಗಲು ಸರ್ಟಿಫಿಕೇಟ್ ಬೇಕು, ಅದಕ್ಕೆ ಸಣ್ಣ ಖರ್ಚು ಸಾಲದು.

ಅದಕ್ಕಿಂತ ತುರ್ತಾದ ಕೆಲಸ ದಡದಲ್ಲಿದೆ. 2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ತೀರದಲ್ಲಿ ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಅಲೆಯ ಲಕ್ಷಣ ತಿಳಿಯದು. ದಡಕ್ಕೆ ನುಗ್ಗಿದ ನೀರು ಎಲ್ಲೋ ಒಂದು ಕಡೆ ಒಟ್ಟಾಗಿ ವಾಪಸ್ ಹರಿಯುತ್ತದೆ, ಅಲ್ಲಿ ಅಲೆ ಒಡೆಯುವುದು ಕಡಿಮೆ. ಹೊಸಬರಿಗೆ ಅದೇ ಶಾಂತವಾದ ಜಾಗ, ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಈಜಿ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಬಿಡಿಸಿಕೊಳ್ಳಬಹುದು. ನಿತ್ಯ ದೋಣಿ ಇಳಿಸುವವನ ಕಣ್ಣಿಗೆ ಈ ಜಾಗ ದೂರದಿಂದಲೇ ಬೀಳುತ್ತದೆ. ಅಲೆ ಓದುವ ಈ ವಿದ್ಯೆಗೆ ಸಂಬಳ ಕೊಟ್ಟರೆ ಅದೇ ಲೈಫ್‌ಗಾರ್ಡ್ ಹುದ್ದೆ. ಜೊತೆಗೆ ಉಸಿರು ಕೊಡುವುದು, ಎದೆ ಒತ್ತುವುದು, ಹಗ್ಗ ಎಸೆಯುವುದು ಕಲಿತರೆ ಸಾಕು. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇಂಥ ತರಬೇತಿ ಕೊಡುತ್ತದೆ.

ಇನ್ನೊಂದು ಕಸುಬು ಕಡಲಿಗೆ ಬೆನ್ನು ಹಾಕಿ ಬೆಳೆಯುತ್ತಿದೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಎಷ್ಟೋ ಮನೆಗಳ ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಊರಿನಲ್ಲಿ ಉಳಿದಿರುವುದು ವಯಸ್ಸಾದ ಅಪ್ಪ ಅಮ್ಮ. ಶುಗರ್ ನೋಡುವ, ಸ್ನಾನ ಮಾಡಿಸುವ, ರಾತ್ರಿ ಜೊತೆಗಿರುವ ಹೋಮ್ ನರ್ಸ್ ಸಿಕ್ಕರೆ ಪುಣ್ಯ. ತೆಂಗಿನಮರ ಹತ್ತುವವರ ಕಥೆಯೂ ಅಷ್ಟೇ.

ಬೇಡಿಕೆ ಇದೆ ಅಂದಮಾತ್ರಕ್ಕೆ ಅದು ಉದ್ಯೋಗವಾಗದು. ಜೂನ್ ಬಂತೆಂದರೆ ಯಾಂತ್ರೀಕೃತ ದೋಣಿಗಳಿಗೆ ಎರಡು ತಿಂಗಳ ನಿಷೇಧ, ಡೈವಿಂಗ್ ಬಂದ್. ಕಡಲತೀರದ ಲೈಫ್‌ಗಾರ್ಡ್‌ಗಳು ಗುತ್ತಿಗೆಯವರು. ಕಡಲು ಅತಿ ಹೆಚ್ಚು ಮುನಿಯುವುದು ಮಳೆಗಾಲದಲ್ಲಿ, ಆಗಲೂ ರಜೆ ಸಿಕ್ಕವರು ಸೆಲ್ಫಿಗೆ ಬಂದೇ ಬರುತ್ತಾರೆ. ಹಾಗಾಗಿ ಈ ಹುದ್ದೆ ವರ್ಷಪೂರ್ತಿ ಇರಬೇಕು, ವಿಮೆ, ಪಿಎಫ್ ಸಮೇತ. ಇಲ್ಲದಿದ್ದರೆ ಮಗ ಲೈಫ್‌ಗಾರ್ಡ್ ಆಗುತ್ತೇನೆ ಅಂದಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಮಳೆಗಾಲಕ್ಕೆ ಎಂತ ಮಾಡ್ತೆ?’