ಚಿಪ್ಪಿನ ಹೊಟ್ಟೆಗೆ ಹೋಗುವುದೇನು?

ವೈಟ್ಟಿಲದ ಕೂಡುರಸ್ತೆಯಿಂದ ದಕ್ಷಿಣಕ್ಕೆ, ಕುಂಬಳಂ, ಅರೂರುಗಳ ಕಡೆಗೆ ಹೋಗಿಬರುವ ವಾಚಕರು ದಾರಿಯ ಮಗ್ಗುಲಲ್ಲಿ ಬೇಯಿಸಿ ಬಿಡಿಸಿದ ಕಕ್ಕದ ಮಾಂಸವನ್ನು ಮಾರುವವರನ್ನು ಕಂಡಿರಬಹುದು. ಇಲ್ಲಿಯವರು ಕಕ್ಕವೆನ್ನುವ ಈ ವರ್ಗದ ಪ್ರಾಣಿಗೆ ಮಂಗಳೂರಿನವರು ಮರುವಾಯಿ ಎಂದೂ, ಕುಮಟೆ, ಕಾರವಾರದವರು ಬೆಳಚು ಎಂದೂ ಹೇಳುತ್ತಾರೆ. ನಾವು ನಡೆಸಿದುದು ಶಾಕಾಹಾರದ ಹೋಟೆಲು. ಚಿಪ್ಪಿನ ರುಚಿಯನ್ನು ಕುರಿತು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಚಿಪ್ಪು ತಾನು ಏನನ್ನು ತಿನ್ನುತ್ತದೆ ಎಂಬುದು ಅದನ್ನು ತಿನ್ನುವವರೂ ತಿನ್ನದವರೂ ಅರಿತಿರಬೇಕಾದ ಸಂಗತಿಯಾಗಿದೆ.

ಕಕ್ಕವು ಬೇಟೆಯಾಡುವ ಪ್ರಾಣಿಯಲ್ಲ. ವೇಂಬನಾಡು ಹಿನ್ನೀರಿನ ತಳದ ಕೆಸರಿನಲ್ಲಿ ಹುದುಗಿಕೊಂಡು, ಒಂದು ದ್ವಾರದಿಂದ ನೀರನ್ನು ಒಳಕ್ಕೆಳೆದು ಇನ್ನೊಂದರಿಂದ ಹೊರಕ್ಕೆ ಬಿಡುವುದೇ ಅದರ ನಿತ್ಯಕರ್ಮ. ನಡುವೆ ಇರುವ ಕಿವಿರುಗಳೇ ಜರಡಿ. ಅವುಗಳ ಮೇಲಿನ ಸೂಕ್ಷ್ಮ ರೋಮಗಳು ಎಡೆಬಿಡದೆ ಬಡಿಯುತ್ತ ನೀರನ್ನು ಸಾಗಿಸುತ್ತವೆ. ಬರಿಗಣ್ಣಿಗೆ ಕಾಣದ ಪಾಚಿಯ ಕಣಗಳು, ಕೊಳೆತ ಎಲೆಯ ಪುಡಿ, ಅದಕ್ಕಂಟಿದ ಸೂಕ್ಷ್ಮಜೀವಿಗಳು ಲೋಳೆಗೆ ಸಿಕ್ಕಿ ಬಾಯಿಯತ್ತ ಹೋಗುತ್ತವೆ. ಬೇಡವಾದ ಮರಳುಮಣ್ಣನ್ನು ಬಾಯಿಯ ಬಳಿಯೇ ಬೇರ್ಪಡಿಸಿ, ಲೋಳೆಯಲ್ಲಿ ಸುತ್ತಿ ಹೊರದೂಡುವ ಏರ್ಪಾಡೂ ಉಂಟು.

ಹೊಟ್ಟೆಯೊಳಗಿನ ವ್ಯವಸ್ಥೆ ಇನ್ನೂ ಸೋಜಿಗದ್ದು. ಅಲ್ಲಿ ಗಾಜಿನಂತೆ ತಿಳಿಯಾದ ಒಂದು ಮೆದು ಕಡ್ಡಿಯಿದೆ. ಅದು ಗರಗರನೆ ತಿರುಗುತ್ತ, ಆಹಾರವನ್ನು ಕಲಸುತ್ತ, ತುದಿಯಲ್ಲಿ ಸವೆದು ಜೀರ್ಣರಸವನ್ನು ಬಿಡುತ್ತದೆ. ದೋಸೆಹಿಟ್ಟು ರುಬ್ಬಿದ ಕೈಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭೇದವಿಷ್ಟೆ: ಇಲ್ಲಿ ಗುಂಡುಕಲ್ಲೇ ಕರಗಿ ಹಿಟ್ಟಿನೊಡನೆ ಸೇರುತ್ತದೆ!

ಉತ್ತರದ ಶೀತಸಮುದ್ರಗಳ ಚಿಪ್ಪುಗಳದೂ ಇದೇ ಊಟ. ಆದರೆ ಬಡಿಸುವ ಕಾಲ ಬೇರೆ. ಐಸ್‌ಲೆಂಡಿನಂಥ ಕಡೆ ಚಳಿಗಾಲದಲ್ಲಿ ಬಿಸಿಲು ಅತ್ಯಲ್ಪವಾದುದರಿಂದ ಪಾಚಿ ಬೆಳೆಯದು. ವಸಂತದಲ್ಲಿ ಅದು ಒಮ್ಮೆಗೇ ಹುಲುಸಾಗಿ ಬೆಳೆದು, ಸತ್ತು ತಳಕ್ಕಿಳಿದಾಗ ಅಲ್ಲಿಯ ಚಿಪ್ಪುಗಳಿಗೆ ಹಬ್ಬ. ಉಳಿದ ತಿಂಗಳುಗಳಲ್ಲಿ ಅರೆಹೊಟ್ಟೆ. ಬೆಳವಣಿಗೆ ಅತಿ ನಿಧಾನ, ಆಯುಸ್ಸು ಅತಿ ದೀರ್ಘ. 2006ರಲ್ಲಿ ಐಸ್‌ಲೆಂಡಿನ ಬಳಿ ಮೇಲೆತ್ತಿದ ಒಂದು ಚಿಪ್ಪಿನ ವಾರ್ಷಿಕ ಗೆರೆಗಳನ್ನು ಎಣಿಸಿದಾಗ ಅದಕ್ಕೆ 507 ವರ್ಷವಾಗಿದ್ದಿತು. ವಿಜಯನಗರದ ಕೃಷ್ಣದೇವರಾಯನು ಪಟ್ಟಕ್ಕೆ ಬರುವ ಮೊದಲೇ ಹುಟ್ಟಿದ ಜೀವ! ವೇಂಬನಾಡಿನ ಕಪ್ಪು ಕಕ್ಕಕ್ಕೆ ಅಷ್ಟು ಆಯುಸ್ಸಿಲ್ಲ. ಆದರೆ ವರುಷವಿಡೀ ಊಟಕ್ಕೆ ಕೊರತೆಯೂ ಇಲ್ಲ.

ಈ ಊಟ ಪುಕ್ಕಟೆಯದು. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರುಗಳಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚ್ಚಿಲೆಯನ್ನು ಬೆಳೆಸುತ್ತವೆ. ಮಲೆಯಾಳಿಗಳು ಇದನ್ನು ಕಲ್ಲುಮ್ಮಕ್ಕಾಯಿ ಎನ್ನುತ್ತಾರೆ. ಕೋಳಿಗಾಗಲಿ ದನಕ್ಕಾಗಲಿ ಮೇವು ಕೊಳ್ಳಬೇಕು. ಪಚ್ಚಿಲೆಗೆ ಕಾಸು ಖರ್ಚಿಲ್ಲ, ನೀರೇ ಬಡಿಸುತ್ತದೆ. ಹೋಟೆಲು ನಡೆಸಿದವರಿಗೆ ಹೊಟ್ಟೆಕಿಚ್ಚು ಬರುವಂಥ ವ್ಯಾಪಾರ.

ಆದರೆ ಬಡಿಸಿದುದರಲ್ಲಿ ವಿಷವಿದ್ದರೆ ಚಿಪ್ಪು ಅದನ್ನು ತಿಳಿಯಲಾರದು. ಪಾಚಿಗಳಲ್ಲಿ ಕೆಲವು ಜಾತಿಗಳು ವಿಷವನ್ನುಂಟುಮಾಡುತ್ತವೆ. ಚಿಪ್ಪು ಅವನ್ನು ತಿಂದು ತಾನು ಬದುಕಿಯೇ ಇರುತ್ತದೆ. ವಿಷ ಮಾತ್ರ ಮಾಂಸದಲ್ಲಿ ಕೂಡುತ್ತ ಹೋಗುತ್ತದೆ. 1997ರ ಸೆಪ್ಟೆಂಬರಿನಲ್ಲಿ ತಿರುವನಂತಪುರದ ಬಳಿಯ ವಿಳಿಞ್ಞದಲ್ಲಿ ಚಿಪ್ಪಿನ ಮಾಂಸ ತಿಂದ ಏಳು ಜನರು ಮೃತರಾದರು. ಐನೂರಕ್ಕೂ ಹೆಚ್ಚು ಜನರು ಆಸ್ಪತ್ರೆ ಸೇರಿದರು. 1983ರಲ್ಲಿ ಮಂಗಳೂರಿನ ಕಡೆಯೂ ಇಂಥ ಅನಾಹುತವಾಗಿ ಒಬ್ಬ ಬಾಲಕ ತೀರಿಕೊಂಡನು.

ಇನ್ನು ನಮ್ಮ ಕಸುಬಿಗೆ ತಾಕುವ ಮಾತು. ಕೊಚ್ಚಿಯ ತೋಡುಗಳ ನೀರೆಲ್ಲ ಕೊನೆಗೆ ಹಿನ್ನೀರಿಗೇ ಸೇರುತ್ತದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಹಿಂಬದಿಯ ಚರಂಡಿಗೆ ಸುರಿದ ಎಂಜಲುನೀರು, ಅಕ್ಕಿ ತೊಳೆದ ಗಂಜಿ, ಪಾಯಿಖಾನೆಯ ಸೋರಿಕೆ ಇವುಗಳಿಂದ ಪಾಚಿ ಕೊಬ್ಬುತ್ತದೆ; ರೋಗಾಣುಗಳೂ ಜೊತೆಗೆ ಹೋಗುತ್ತವೆ. ದೊಡ್ಡದೊಂದು ಪಚ್ಚಿಲೆ ಗಂಟೆಗೆ ಲೀಟರುಗಟ್ಟಲೆ ನೀರನ್ನು ಸೋಸುತ್ತದೆ. ಆ ನೀರಿನಲ್ಲಿದ್ದ ಹೊಲಸು ಅದರಲ್ಲಿ ಶೇಖರವಾಗುತ್ತದೆ. ಕುಟ್ಟನಾಡಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲುಗಳನ್ನು ಬೇಸಗೆಯಲ್ಲಿ ಮುಚ್ಚಿದಾಗ, ಒಡ್ಡಿನ ತೆಂಕಣ ಭಾಗದ ಕಶ್ಮಲವನ್ನು ಕೊಚ್ಚಿಕೊಂಡು ಹೋಗಲು ಭರತ ಇಳಿತಗಳೂ ಇಲ್ಲ. ಮಾಲಿಕರು ಜಿಡ್ಡಿನ ತೊಟ್ಟಿ ಕಟ್ಟಿಸುವುದನ್ನು ಮುಂದೂಡಿದರೆ ಕೆಲಸದ ಹುಡುಗರನ್ನು ಗದರಿಸಿ ಪ್ರಯೋಜನವಿಲ್ಲವೆಂದು ನಮ್ಮ ಅಭಿಪ್ರಾಯ.

ಚಿಪ್ಪು ತಿನ್ನುವ ವಾಚಕರಿಗೆ ಎರಡು ಮಾತು. ಚೆನ್ನಾಗಿ ಬೇಯಿಸಿದರೆ ರೋಗಾಣುಗಳು ಸಾಯುತ್ತವೆ. ಪಾಚಿಯ ವಿಷ ಮಾತ್ರ ಕುದಿತಕ್ಕೆ ಬಗ್ಗುವುದಿಲ್ಲ, ರುಚಿಯಲ್ಲೂ ವಾಸನೆಯಲ್ಲೂ ತಿಳಿಯುವುದಿಲ್ಲ. ಸಮುದ್ರದ ನೀರು ಬಣ್ಣಗೆಟ್ಟ ದಿನಗಳಲ್ಲಿ ಚಿಪ್ಪನ್ನು ಕೊಳ್ಳದಿರುವುದೇ ಲೇಸು. ನೀರು ತಿಳಿಯಾಗಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದೂ ಅಲ್ಲ. ಉಂಡ ಸ್ವಲ್ಪ ಹೊತ್ತಿನಲ್ಲಿಯೇ ತುಟಿ, ನಾಲಿಗೆ, ಬೆರಳ ತುದಿಗಳು ಜುಮುಗುಟ್ಟಿ ಮರಗಟ್ಟಿದರೆ, ಅಜೀರ್ಣವೆಂದು ಸೋಡಾ ಕುಡಿದು ಮಲಗದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ ಚಿಪ್ಪು ತಿಂದುದನ್ನು ವೈದ್ಯರಿಗೆ ಹೇಳಬೇಕು. ಈ ವಿಷಕ್ಕೆ ಪ್ರತಿವಿಷವಿಲ್ಲ. ಉಸಿರಾಟದ ಸ್ನಾಯುಗಳು ಸೋತರೆ, ವಿಷವಿಳಿಯುವ ತನಕ ಯಂತ್ರದಿಂದ ಉಸಿರಾಡಿಸಿ ಜೀವವನ್ನುಳಿಸುತ್ತಾರೆ.